ಬಿಡಬೇಕಾದ ಮಾನ, ಉಳಿಸಬೇಕಾದ ಮಾನ

ಕೆಲವು ಶಬ್ದಗಳು ಬಸದಿಯಲ್ಲಿ ಒಂದು ಅರ್ಥವನ್ನೂ ಮನೆಯ ಅಂಗಳದಲ್ಲಿ ಇನ್ನೊಂದು ಅರ್ಥವನ್ನೂ ತಾಳುತ್ತವೆ. ‘ಮಾನ’ ಎಂಬುದು ಅಂತಹ ಒಂದು ಶಬ್ದ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಅದು ಎರಡನೆಯದು. ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವದ ಪ್ರವಚನವನ್ನು ಕೇಳಿ ನಾವು ಬಿಡಬೇಕೆಂದು ಸಂಕಲ್ಪಿಸುವ ವಿಕಾರ. ಆದರೆ ಅದೇ ದಿನ ಮನೆಗೆ ಬಂದು ಮಕ್ಕಳಿಗೆ ಬುದ್ಧಿ ಹೇಳುವಾಗ ‘ಮಾನ ಕಾಪಾಡಿಕೊಂಡು ಬಾಳಿರಿ’ ಎನ್ನುತ್ತೇವೆ. ಮಾನವಂತ ಎಂಬುದು ನಮ್ಮಲ್ಲಿ ಹೊಗಳಿಕೆ. ಮಾನಗೇಡಿ ಎಂಬುದು ಬೈಗುಳ. ಬೆಳಿಗ್ಗೆ ಬಿಡಬೇಕಾದುದನ್ನು ಸಂಜೆ ಕಾಪಾಡಬೇಕು ಎಂದರೆ ಸಾಮಾನ್ಯ ಶ್ರಾವಕನು ಮಾಡಬೇಕಾದುದೇನು?

ಇದು ಶಬ್ದಗಳ ಆಟವೆಂದು ಓದುಗರು ಭಾವಿಸಬಾರದು. ಬಹಳ ವರ್ಷಗಳವರೆಗೆ ನಾನೂ ಹಾಗೆಯೇ ಭಾವಿಸಿದ್ದೆ. ಒಂದು ಸಂಜೆ, ಬಂದರು ನಗರಿಯ ಒಂದು ಬೀದಿಯಲ್ಲಿ, ನಾನು ನಿರೀಕ್ಷಿಸದಿದ್ದ ಜನರ ನಡುವೆ ಈ ಪ್ರಶ್ನೆ ನನ್ನ ದಾರಿಗೆ ಅಡ್ಡವಾಗಿ ನಿಂತಿತು. ಅಂದಿನಿಂದ ಅದನ್ನು ಬದಿಗಿಡುವುದು ನನ್ನಿಂದಾಗಿಲ್ಲ.

ಪ್ರಯಾಣ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಯಂತ್ರಶಾಲೆಯಿದೆ. ಸುತ್ತಲಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಲೇಥಿನ ಮೇಲೆ ಕಡೆದು ಅಳತೆಗೆ ತರುವುದು ನಮ್ಮ ಕೆಲಸ. 2019ರ ಫೆಬ್ರುವರಿ ತಿಂಗಳ ಆರಂಭದಲ್ಲಿ, ಬರಬೇಕಾಗಿದ್ದ ಒಂದಿಷ್ಟು ಹಣದ ವಿಷಯವಾಗಿ ಮುಂಬಯಿಗೆ ಹೋಗಬೇಕಾಯಿತು. ಎಂದೂ ಮಗನೋ ತಮ್ಮನೋ ಜೊತೆಗಿರುತ್ತಿದ್ದರು. ಆ ಸಲ ಒಬ್ಬನೇ ಹೊರಟೆ. ರಾತ್ರಿಯ ಬಸ್ಸು ಕೊಲ್ಹಾಪುರ, ಪುಣೆಗಳನ್ನು ದಾಟಿ ಶನಿವಾರ ಬೆಳಗಿನ ಹೊತ್ತಿಗೆ ದಾದರಿನಲ್ಲಿ ಇಳಿಸಿತು. ಕೆಲಸ ಮಧ್ಯಾಹ್ನಕ್ಕೆ ಮೊದಲೇ ಮುಗಿಯಿತು.

ಒಂಟಿಯಾಗಿ ಪ್ರಯಾಣ ಮಾಡುವುದರಲ್ಲಿ ಒಂದು ಶಿಕ್ಷಣವಿದೆ. ನಮ್ಮ ಊರಿನಲ್ಲಿ ನಾವು ಏನನ್ನು ನೋಡಬೇಕು, ಯಾವುದರಿಂದ ಮುಖ ತಿರುಗಿಸಬೇಕು ಎಂಬುದನ್ನು ಬಹುಮಟ್ಟಿಗೆ ನಮ್ಮ ಪಕ್ಕದಲ್ಲಿರುವವರೇ ನಿಶ್ಚಯಿಸುತ್ತಾರೆ. ಯಾರೂ ಪರಿಚಯವಿಲ್ಲದ ಊರಿನಲ್ಲಿ ಆ ಕಾವಲು ಇರುವುದಿಲ್ಲ. ಗೇಟ್‌ವೇ ಬಳಿ ನಿಂತು ದೂರದ ಹಡಗುಗಳನ್ನು ನೋಡಿದೆ. ಬಂದರು ನಗರಿಯ ಸ್ವಭಾವವೇ ಬೇರೆ. ಅಲ್ಲಿಗೆ ಬಂದ ಸರಕಿನ ಬೆಲೆಯನ್ನು ಕೇಳುತ್ತಾರೆ, ಬಂದ ಮನುಷ್ಯನ ಕುಲಗೋತ್ರವನ್ನು ಅಷ್ಟಾಗಿ ಕೇಳುವುದಿಲ್ಲ. ತಮ್ಮ ಊರಿನಲ್ಲಿ ಬಾಳಲಾರದವರು ನೂರಾರು ವರ್ಷಗಳಿಂದ ಇಂತಹ ನಗರಗಳಿಗೆ ಬಂದು ಸೇರುತ್ತಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮಧ್ಯಾಹ್ನದ ನಂತರ ಮಲಬಾರ್ ಹಿಲ್‌ನಲ್ಲಿ ಜಿನದರ್ಶನ ಮಾಡಿಕೊಂಡು ಇಳಿದು ಬರುತ್ತಿದ್ದೆ. ಸಿ.ಪಿ. ಟ್ಯಾಂಕ್ ಭಾಗದ ಒಂದು ಧರ್ಮಶಾಲೆಯಲ್ಲಿ ನನ್ನ ವಸತಿ. ರಾತ್ರಿಭೋಜನ ತ್ಯಾಗದ ನಿಯಮವಿರುವುದರಿಂದ ಸೂರ್ಯಾಸ್ತಕ್ಕೆ ಮೊದಲು ಅಲ್ಲಿಗೆ ಸೇರಬೇಕೆಂಬ ಅವಸರ. ಗೋವಾಲಿಯಾ ಟ್ಯಾಂಕ್ ಹತ್ತಿರ ಬರುವಷ್ಟರಲ್ಲಿ ರಸ್ತೆ ತುಂಬಿಹೋಗಿತ್ತು. ಗೋವಾಲಿಯಾ ಟ್ಯಾಂಕ್ ಎಂದರೆ ಇಂದಿನ ಆಗಸ್ಟ್ ಕ್ರಾಂತಿ ಮೈದಾನ. 1942ರ ಆಗಸ್ಟ್ 8ರಂದು ಗಾಂಧೀಜಿಯವರು ‘ಭಾರತ ಬಿಟ್ಟು ತೊಲಗಿ’ ಎಂದು ಸಾರಿದ ಸ್ಥಳ. ಢೋಲುಗಳ ಸದ್ದು, ಕಾಮನಬಿಲ್ಲಿನ ಬಣ್ಣದ ಬಾವುಟಗಳು, ಸಾವಿರಾರು ಜನ. ಗಂಡುಡುಗೆಯ ಹೆಂಗಸರು, ಸೀರೆಯುಟ್ಟ ಗಂಡಸರು, ಯಾರೆಂದು ನಿರ್ಧರಿಸಲಾಗದ ಹಲವರು. ಮತ್ತೆ ನಮ್ಮ ನಿಮ್ಮ ಮಕ್ಕಳಂತೆಯೇ ಕಾಣುವ ಕಾಲೇಜಿನ ಹುಡುಗ ಹುಡುಗಿಯರು. ಕೆಲವರು ಮುಖವಾಡ ಧರಿಸಿದ್ದರು. ಒಬ್ಬ ತಾಯಿ ತನ್ನ ಮಗುವಿನ ಬಗ್ಗೆ ತನಗೆ ಅಭಿಮಾನವಿದೆಯೆಂದು ಮರಾಠಿಯಲ್ಲಿ ಬರೆದ ಫಲಕವನ್ನು ಹಿಡಿದು ಮೆಲ್ಲಗೆ ನಡೆಯುತ್ತಿದ್ದಳು. ಏನಿದು ಎಂದು ಪೋಲೀಸನೊಬ್ಬನನ್ನು ಕೇಳಿದೆ. ‘ಪ್ರೈಡ್’ ಎಂದ. ಹೆಮ್ಮೆಯ ಮೆರವಣಿಗೆ.

ನನ್ನ ಮನಸ್ಸಿನಲ್ಲಿ ಮೊದಲು ಬಂದುದು ನಗೆ. ಎರಡನೆಯದು ಅಸಹ್ಯ. ಮೂರನೆಯದು, ಶಾಸ್ತ್ರವನ್ನು ಅಷ್ಟಿಷ್ಟು ಓದಿದವನ ಜಾಣತನ: ‘ಹೆಮ್ಮೆಯೆಂದರೆ ಮಾನಕಷಾಯವಲ್ಲವೆ? ಅದನ್ನು ಬೀದಿಯಲ್ಲಿ ಮೆರೆಸುವುದುಂಟೆ?’

ದಾರಿ ಬಿಡುವಂತಿರಲಿಲ್ಲ. ತಡವಾಗುವುದೆಂದು ತಿಳಿಸಲು ಪಾದಚಾರಿ ಮಾರ್ಗದಲ್ಲಿ ನಿಂತು ಮನೆಗೆ ಫೋನು ಮಾಡಿದೆ. ಮಾತು ಮುಗಿಸಿದಾಗ ಪಕ್ಕದಲ್ಲಿ ನೀರು ಕುಡಿಯುತ್ತ ನಿಂತಿದ್ದ, ಹಸಿರು ಸೀರೆಯುಟ್ಟು ಹಣೆಗೆ ಭಂಡಾರ ಹಚ್ಚಿದ್ದ, ಐವತ್ತು ದಾಟಿದಂತೆ ಕಾಣುತ್ತಿದ್ದ ಒಬ್ಬರು ನನ್ನತ್ತ ತಿರುಗಿದರು.

‘ಅಣ್ಣಾರ, ಬೆಳಗಾವಿ ಕಡೆಯವ್ರೇನ್ರಿ?’

ಹೌದೆಂದೆ.

‘ನಮ್ದೂ ಅಲ್ಲೇ ರೀ, ಸವದತ್ತಿ ತಾಲೂಕ. ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?’

ಸಾವಿರಾರು ಜನರ ಆ ಗದ್ದಲದಲ್ಲಿ ನನ್ನ ಮನೆಯವರ ಕ್ಷೇಮವನ್ನು ವಿಚಾರಿಸಿದವರು ಇವರೊಬ್ಬರೇ. ನಾನೂ ಸೌಜನ್ಯಕ್ಕಾಗಿ, ಊರಿಗೆ ಬರುತ್ತಿರುತ್ತೀರಾ ಎಂದು ಕೇಳಿದೆ.

‘ಗುಡ್ಡಕ್ಕ ಬರ್ತೀನ್ರಿ, ಹುಣ್ಣಿವಿಗೆ. ಊರಿಗೆ ಬರಂಗಿಲ್ಲ. ಗುಡ್ಡದಾಗ ನಮ್ಮ ಕಾಲಿಗೆ ಬೀಳ್ತಾರ್ರಿ ಮಂದಿ. ಅದ ಮಂದಿ ಊರಾಗ ಬಾಗಲಾ ಹಾಕ್ಕೋತಾರ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. ‘ಇದಕ್ಕ ಹೆಮ್ಮಿ ಅಂತ ಯಾಕ್ರಿ ಹೆಸರಿಟ್ಟಾರ?’

ಆಕೆ ನಕ್ಕಳು. ‘ಅದೇನ ಇಂಗ್ಲೀಷ ಶಬ್ದನೋ, ನನಗೇನ ಗೊತ್ರಿ ಅಣ್ಣಾರ. ತಲಿ ತಗ್ಗಿಸಿಕೊಂಡು ಅಡ್ಡ್ಯಾಡಿ ಅಡ್ಡ್ಯಾಡಿ ಕುತಗಿ ನೋಯಾಕ್ಹತ್ತಿತ್ತು. ಇವತ್ತೊಂದಿನ ಎತ್ತೇನಿ, ಅಷ್ಟ.’

ಮೆರವಣಿಗೆ ಮುಂದೆ ಸಾಗಿತು. ಆಕೆಯೂ ಅದರಲ್ಲಿ ಸೇರಿ ಮರೆಯಾದಳು. ನಾನು ಧರ್ಮಶಾಲೆಗೆ ಬಂದಾಗ ಸೂರ್ಯ ಮುಳುಗಿದ್ದ. ಅಂದು ರಾತ್ರಿ ಉಪವಾಸ. ಹಸಿವೆಗಿಂತ ಹೆಚ್ಚಾಗಿ ಆ ಕೊನೆಯ ಮಾತು ನಿದ್ರೆಯನ್ನು ಕೆಡಿಸಿತು.

ಮೆರವಣಿಗೆಯ ಹಿಂದಿನ ದಾರಿ

ಇಂತಹ ಮೆರವಣಿಗೆಗಳ ಮೂಲವನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುತ್ತೇನೆ. 1969ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಸ್ಟೋನ್‌ವಾಲ್ ಎಂಬ ಪಾನಗೃಹದ ಮೇಲೆ ಪೋಲೀಸರು ದಾಳಿ ನಡೆಸಿದಾಗ, ಪದೇ ಪದೇ ಅವಮಾನಿತರಾಗಿದ್ದ ಜನ ಪ್ರತಿಭಟಿಸಿದರು. ಮರುವರ್ಷ ಅದರ ನೆನಪಿಗೆ ಮೆರವಣಿಗೆ ಹೊರಟಿತು. ನಮ್ಮ ದೇಶದಲ್ಲಿ ಮೊದಲ ನಡಿಗೆ 1999ರ ಜುಲೈ 2ರಂದು ಇನ್ನೊಂದು ಬಂದರು ನಗರಿಯಾದ ಕಲ್ಕತ್ತೆಯಲ್ಲಿ ನಡೆಯಿತು. ಅಂದು ನಡೆದವರು ಸುಮಾರು 15 ಜನ. 2008ರಲ್ಲಿ ಬೆಂಗಳೂರಿನಲ್ಲಿಯೂ ಇಂತಹ ನಡಿಗೆ ಆರಂಭವಾಯಿತು. ಅದೇ ವರ್ಷದಿಂದ ಮುಂಬಯಿಯಲ್ಲಿ ಅದು ‘ಕ್ವೀರ್ ಆಜಾದಿ’ ಎಂಬ ಹೆಸರು ಪಡೆಯಿತು.

1860ರಲ್ಲಿ ಬ್ರಿಟಿಷರು ರಚಿಸಿದ ದಂಡಸಂಹಿತೆಯ 377ನೆಯ ಕಲಮು ಇವರಲ್ಲಿ ಅನೇಕರನ್ನು ಅಪರಾಧಿಗಳನ್ನಾಗಿ ಮಾಡಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಾದರೋ ಹಿಜಡಾ ಸಮುದಾಯದವರ ಹೆಸರುಗಳನ್ನೇ ಪೋಲೀಸರ ದಾಖಲೆಪುಸ್ತಕಕ್ಕೆ ಏರಿಸಲು ಅವಕಾಶ ಕೊಟ್ಟಿತು. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 377ನೆಯ ಕಲಮನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. 2014ರ ಏಪ್ರಿಲ್ 15ರಂದು ಅದೇ ನ್ಯಾಯಾಲಯ ತೃತೀಯ ಲಿಂಗಿಗಳಿಗೆ ಕಾನೂನಿನ ಮನ್ನಣೆ ನೀಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ಸಾರಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಒಪ್ಪಲಿಲ್ಲ. ನಾನು ಕಂಡ ಮೆರವಣಿಗೆ 2018ರ ತೀರ್ಪು ಬಂದು ಐದು ತಿಂಗಳಷ್ಟೇ ಆಗಿದ್ದ ಕಾಲದ್ದು. ನಗು ಅಷ್ಟು ಜೋರಾಗಿದ್ದುದಕ್ಕೂ, ಆದರೂ ಕೆಲವರ ಮುಖದ ಮೇಲಿನ್ನೂ ಮುಖವಾಡವಿದ್ದುದಕ್ಕೂ ಕಾರಣ ನನಗೆ ಆಮೇಲೆ ತಿಳಿಯಿತು.

ಆದರೆ ಈ ಮನುಷ್ಯರು ಹೊರಗಿನಿಂದ ಬಂದವರಲ್ಲ. ಬೆಳಗಾವಿ ಜಿಲ್ಲೆಯವರಾದ ನಮಗೆ ಯಾರೂ ಇದನ್ನು ಹೇಳಿಕೊಡಬೇಕಾಗಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳನ್ನು ನಾವು ಬಾಲ್ಯದಿಂದ ಕಂಡಿದ್ದೇವೆ. ಗಂಡುದೇಹದಲ್ಲಿ ಹುಟ್ಟಿ, ತಾಯಿ ತಮ್ಮ ಮೈಮೇಲೆ ಬಂದಳೆಂದು ನಂಬಿ, ಸೀರೆಯುಟ್ಟು ಬಾಳುವ ಜನ ಅವರು. ಅಂತಹ ಒಬ್ಬರು, ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಅದೇ ವರ್ಷ ಕರ್ನಾಟಕ ಸರ್ಕಾರವು ತೃತೀಯ ಲಿಂಗಿಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿಯನ್ನು ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಹೀಗಿದ್ದರೂ, ಗುಡ್ಡದಲ್ಲಿ ಕಾಲಿಗೆ ಬೀಳುವ ಜನ ಊರಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬ ಆಕೆಯ ಮಾತನ್ನು ಸುಳ್ಳೆನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಒಂದೇ ಪಟ್ಟಿ

ಊರಿಗೆ ಮರಳಿದ ಮೇಲೆ, ನನ್ನ ಜಾಣ ಪ್ರಶ್ನೆಗೆ ಶಾಸ್ತ್ರದಲ್ಲಿಯೇ ಉತ್ತರ ಹುಡುಕೋಣವೆಂದು ಪುಸ್ತಕಗಳನ್ನು ತೆರೆದೆ. ಹುಡುಕಿದ್ದು ಅವರ ದೋಷವನ್ನು. ಸಿಕ್ಕಿದ್ದು ನನ್ನ ದೋಷ.

ಚಾರಿತ್ರಮೋಹನೀಯ ಕರ್ಮದ ಪ್ರಭೇದಗಳಲ್ಲಿ ಒಂಬತ್ತು ನೋಕಷಾಯಗಳನ್ನು ಆಚಾರ್ಯರು ಹೇಳಿದ್ದಾರೆ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುರುಷವೇದ, ನಪುಂಸಕವೇದ. ಇಲ್ಲಿ ವೇದವೆಂದರೆ ಕಾಮದ ಅನುಭವ. ಬಾಲ್ಯದಿಂದ ಕಂಠಪಾಠವಾಗಿದ್ದ ಈ ಪಟ್ಟಿಯನ್ನು ನಾನು ಅಂದಿನವರೆಗೆ ನಿಜವಾಗಿ ಓದಿಯೇ ಇರಲಿಲ್ಲ. ಬೀದಿಯಲ್ಲಿ ನನ್ನೊಳಗೆ ಎದ್ದ ನಗೆ ಈ ಪಟ್ಟಿಯ ಮೊದಲನೆಯದು. ನನ್ನ ಅಸಹ್ಯ ಅದರ ಆರನೆಯದು. ನಾನು ಯಾವುದನ್ನು ಕಂಡು ನಕ್ಕೆನೋ ಅದೂ ಅದೇ ಪಟ್ಟಿಯಲ್ಲಿದೆ. ನಾನು ಯಾವುದನ್ನು ಸಹಜವೆಂದು, ನನ್ನ ಯೋಗ್ಯತೆಯೆಂದು ತಿಳಿದಿದ್ದೆನೋ ಆ ಪುರುಷವೇದವೂ ಅದೇ ಪಟ್ಟಿಯಲ್ಲಿದೆ. ನ್ಯಾಯಾಧೀಶನ ಪೀಠದಲ್ಲಿ ಕುಳಿತಿದ್ದೇನೆಂದು ಭಾವಿಸಿದ್ದವನಿಗೆ, ತಾನೂ ಆರೋಪಿಗಳ ಸಾಲಿನಲ್ಲಿಯೇ ನಿಂತಿರುವುದು ಕಂಡಂತಾಯಿತು.

ಇನ್ನೊಂದು ವಿಚಾರ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಸಾವಿರ ವರ್ಷಗಳ ಹಿಂದೆ, ಇದೇ ಕನ್ನಡ ನಾಡಿನಲ್ಲಿ ಕುಳಿತು ‘ಗೊಮ್ಮಟಸಾರ’ವನ್ನು ರಚಿಸಿದರು. ಅದರ ಜೀವಕಾಂಡದಲ್ಲಿ ವೇದಮಾರ್ಗಣೆ ಎಂಬ ಪ್ರಕರಣವಿದೆ. ದೇಹದ ಲಿಂಗವು ದ್ರವ್ಯವೇದ. ಒಳಗಿನ ಅಭಿಲಾಷೆ ಭಾವವೇದ. ಇವೆರಡೂ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಕೆಲವೆಡೆ ಹೊಂದುವುದಿಲ್ಲ ಎಂದು ಆಚಾರ್ಯರು ಹೇಳುತ್ತಾರೆ. ಆಧುನಿಕ ಕಾಲದ ಶೋಧವೆಂದು ನಾವು ಭಾವಿಸಿರುವ ಸಂಗತಿಯನ್ನು, ಯಾವ ಉದ್ವೇಗವೂ ಇಲ್ಲದೆ, ಜೀವಗಳ ಸ್ಥಿತಿಯನ್ನು ಎಣಿಸುವ ಲೆಕ್ಕಿಗನ ತಾಳ್ಮೆಯಿಂದ ಅವರು ದಾಖಲಿಸಿದ್ದಾರೆ. ಮೂರು ವೇದಗಳನ್ನು ಅವರು ಮೂರು ಬೆಂಕಿಗಳಿಗೆ ಹೋಲಿಸುತ್ತಾರೆ: ಪುರುಷವೇದ ಹುಲ್ಲಿನ ಬೆಂಕಿ, ಸ್ತ್ರೀವೇದ ಬೆರಣಿಯ ಬೆಂಕಿ, ನಪುಂಸಕವೇದ ಇಟ್ಟಿಗೆಯ ಆವಿಗೆಯ ಬೆಂಕಿ.

ಶಾಸ್ತ್ರವು ಇಂದಿನ ಮೆರವಣಿಗೆಯ ಪರವಾಗಿದೆಯೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಮೂರನೆಯ ಬೆಂಕಿಯನ್ನು ಅತಿ ತೀವ್ರವೆಂದೇ ಪೂರ್ವಾಚಾರ್ಯರು ಕಂಡಿದ್ದಾರೆ. ಅಂತಹವರಿಗೆ ಮುನಿದೀಕ್ಷೆಯನ್ನು ನಿಷೇಧಿಸಿದ ವಚನಗಳೂ ಇವೆ. ಅದನ್ನು ಮುಚ್ಚಿಟ್ಟರೆ ಸತ್ಯಾಣುವ್ರತಕ್ಕೆ ಭಂಗ. ಆದರೆ ಹುಲ್ಲಿನ ಬೆಂಕಿಯೂ ಬೆಂಕಿಯೇ. ಒಂಬತ್ತನೆಯ ಗುಣಸ್ಥಾನದಲ್ಲಿ ಮೂರೂ ವೇದಗಳು ಅಳಿಯಬೇಕು. ಅಪಗತವೇದನಾದ ಜೀವನೇ ಮುಂದಕ್ಕೆ ಏರುವವನು. ಗಂಡಾಗಿರುವುದು ಸಾಧನೆಯಲ್ಲ, ದಾಟಬೇಕಾದ ಇನ್ನೊಂದು ಹೊಳೆ ಮಾತ್ರ. ಈ ವಿಷಯದಲ್ಲಿ ನಮ್ಮ ಪೂರ್ವಜರೊಳಗೆ ಒಂದೇ ಅಭಿಪ್ರಾಯವಿರಲಿಲ್ಲ ಎಂಬುದನ್ನೂ ನೆನೆಯಬೇಕು. ಒಂದು ಕಾಲದಲ್ಲಿ ಬೆಳಗಾವಿ, ಧಾರವಾಡ ಪ್ರಾಂತಗಳಲ್ಲಿ ಪ್ರಬಲವಾಗಿದ್ದ ಯಾಪನೀಯ ಸಂಘದವರು ಸ್ತ್ರೀಗೂ ಅದೇ ಜನ್ಮದಲ್ಲಿ ಮುಕ್ತಿಯುಂಟೆಂದು ವಾದಿಸಿದರು. ಒಂಬತ್ತನೆಯ ಶತಮಾನದ ವೈಯಾಕರಣ ಶಾಕಟಾಯನನು ಅದಕ್ಕಾಗಿಯೇ ಪ್ರತ್ಯೇಕ ಪ್ರಕರಣವೊಂದನ್ನು ಬರೆದನು. ದೇಹದಿಂದ ಆತ್ಮದ ಯೋಗ್ಯತೆಯನ್ನು ಅಳೆಯಬಹುದೆ ಎಂಬ ಚರ್ಚೆ ಹೀಗೆ ನಮ್ಮ ಮನೆಯ ಹಳೆಯ ಚರ್ಚೆಯೇ ಆಗಿದೆ.

ಖಾತೆಯಲ್ಲಿ ಉಳಿದ ಬಾಕಿ

ಇಷ್ಟನ್ನು ಪುಸ್ತಕದಿಂದ ಬರೆದುದಾಯಿತು. ಇನ್ನು ಬರೆಯಲು ಕಷ್ಟವಾದುದನ್ನು ಬರೆಯಬೇಕು.

2006ರ ಮಳೆಗಾಲದಲ್ಲಿ ಖಾನಾಪುರ ತಾಲೂಕಿನಿಂದ ಒಬ್ಬ ಹುಡುಗ ನನ್ನಲ್ಲಿ ಕೆಲಸ ಕಲಿಯಲು ಬಂದ. ವಯಸ್ಸು ಹತ್ತೊಂಬತ್ತಿರಬಹುದು. ಲೇಥಿನ ಮೇಲೆ ಕೈ ಬಹಳ ಬೇಗ ಕುಳಿತಿತು. ಬೋರ್ ಕಡೆಯುವುದರಲ್ಲಿ ಹಿರಿಯ ಟರ್ನರುಗಳಿಗಿಂತ ನಯವಾದ ಕೆಲಸ. ಆದರೆ ನಡಿಗೆ, ಮಾತು, ಕೈ ತಿರುಗಿಸುವ ರೀತಿ ಬೇರೆ. ಉಳಿದವರು ‘ಜೋಗಪ್ಪ’ ಎಂದು ಹೆಸರಿಟ್ಟರು. ಆ ಹುಡುಗ ಬಂದಾಗಲೆಲ್ಲ ಯಾರಾದರೊಬ್ಬರು ಚಪ್ಪಾಳೆ ತಟ್ಟುವರು, ಎಲ್ಲರೂ ನಗುವರು. ನಾನು ಮಾಲೀಕ. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಹೇಳಲಿಲ್ಲ. ಅಷ್ಟೇ ಅಲ್ಲ, ಒಂದು ದಿನ ಅಳತೆ ತಪ್ಪಿದ ಒಂದು ಜಾಬನ್ನು ಗೇಜಿನಿಂದ ಪರೀಕ್ಷಿಸಿ ರಿಜೆಕ್ಟ್ ಡಬ್ಬಿಗೆ ಹಾಕುತ್ತ, ಆ ಹುಡುಗನ ಕಡೆ ನೋಡಿ, ‘ಇದೂ ನಿನ್ನ ಹಂಗ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ’ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಆ ಹುಡುಗ ಬರಲಿಲ್ಲ.

ಮನೆಗೂ ಹೋಗಲಿಲ್ಲವೆಂದು ತಿಂಗಳ ನಂತರ ತಿಳಿಯಿತು. ಮನೆಯಲ್ಲಿ ಮೊದಲೇ ಜಗಳವಾಗಿತ್ತಂತೆ. ಅಣ್ಣಂದಿರು ಊಟಕ್ಕೆ ಬೇರೆ ತಟ್ಟೆ ಇಟ್ಟು ಹೊರಗೆ ಕೂಡಿಸುತ್ತಿದ್ದರಂತೆ. ಮುಂಬಯಿಗೆ ಹೋಗಿರಬೇಕು ಎಂದರು. ನನ್ನ ಖಾತೆಪುಸ್ತಕದಲ್ಲಿ ಹನ್ನೊಂದು ದಿನದ ಪಗಾರ, 880 ರೂಪಾಯಿ, ಆ ಹೆಸರಿನ ಮುಂದೆ ಬಾಕಿ ಉಳಿದಿದೆ. ವರ್ಷ ವರ್ಷವೂ ಹೊಸ ಖಾತೆ ತೆರೆಯುವಾಗ ಅದನ್ನು ಮುಂದಕ್ಕೆ ಒಯ್ಯುತ್ತ ಬಂದಿದ್ದೇನೆ. ಈ ಬರಹದಲ್ಲಿ ‘ಹುಡುಗ’ ಎಂದು ಬರೆಯುತ್ತಿರುವುದು ಸರಿಯೋ ತಪ್ಪೋ ನನಗೆ ತಿಳಿಯದು. ನಾವು ಒಬ್ಬರೂ ಕೇಳಲೇ ಇಲ್ಲ.

ಹಸಿರು ಸೀರೆಯ ಆ ತಾಯಿ ಮಾತನಾಡುತ್ತಿದ್ದಾಗ ನಾನು ಆಕೆಯ ಹೆಗಲಿನಾಚೆ ಮೆರವಣಿಗೆಯ ಮುಖಗಳನ್ನು ಹುಡುಕುತ್ತಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಖಾನಾಪುರದ ಕಡೆಯವರು ಯಾರಾದರೂ ಗೊತ್ತೇ ಎಂದು ಕೇಳಬೇಕೆನಿಸಿತು. ಯಾವ ಮುಖ ಹೊತ್ತು ಕೇಳಲಿ? ಬಾಯಿ ಬರಲಿಲ್ಲ.

ಗೇಜಿನ ವಿಷಯವನ್ನು ಅಂದಿನಿಂದ ಬಹಳ ಯೋಚಿಸಿದ್ದೇನೆ. ಕಬ್ಬಿಣದ ಭಾಗಕ್ಕೆ ಒಂದು ಡ್ರಾಯಿಂಗ್ ಇರುತ್ತದೆ. ಇನ್ನೊಂದು ಭಾಗದೊಡನೆ ಕೂಡಬೇಕೆಂಬ ಒಂದೇ ಪ್ರಯೋಜನಕ್ಕಾಗಿ ಅದನ್ನು ಮಾಡಿರುತ್ತೇವೆ. ಆದ್ದರಿಂದ ಅಳತೆಗೆ ಹೊಂದದ್ದನ್ನು ಬೇರ್ಪಡಿಸುವುದು ನ್ಯಾಯ. ಆಗಲೂ ಅದನ್ನು ಎಸೆಯುವುದಿಲ್ಲ, ಮತ್ತೆ ಕುಲುಮೆಗೆ ಕಳುಹಿಸುತ್ತೇವೆ. ಜೀವವು ಯಾರ ಡ್ರಾಯಿಂಗಿನಂತೆಯೂ ಆದುದಲ್ಲ. ಅದು ತನ್ನ ಕರ್ಮದಿಂದ ದೇಹವನ್ನು ಪಡೆದಿದೆ, ನಾನು ನನ್ನ ಕರ್ಮದಿಂದ ಪಡೆದಂತೆಯೇ. ಅದರ ಮೇಲೆ ನನ್ನ ಗೇಜನ್ನು ಇಡುವ ಅಧಿಕಾರ ನನಗೆ ಎಲ್ಲಿಂದ ಬಂತು?

ಎರಡು ಮಾನಗಳು

ಈಗ ಆರಂಭದ ಪ್ರಶ್ನೆಗೆ ಬರೋಣ. ಮಾನಕಷಾಯವೆಂದರೇನು? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಂಟು ಮದಗಳನ್ನು ಹೇಳಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ದೇಹ. ಈ ಎಂಟರಲ್ಲಿ ಒಂದು ಸಮಾನ ಗುಣವನ್ನು ಗಮನಿಸಬೇಕು. ಪ್ರತಿಯೊಂದೂ ಇನ್ನೊಬ್ಬನಿಗಿಂತ ನಾನು ಮೇಲು ಎನ್ನುವುದು. ಇನ್ನೊಬ್ಬನು ಕೆಳಗಿಲ್ಲದೆ ಮದವು ನಿಲ್ಲಲಾರದು. ಆ ಸಂಜೆ ಪಾದಚಾರಿ ಮಾರ್ಗದಲ್ಲಿ ನಿಂತಿದ್ದ ನನ್ನಲ್ಲಿ ಈ ಎಂಟರಲ್ಲಿ ಎಷ್ಟು ಇದ್ದುವೆಂದು ಎಣಿಸಿ ನೋಡಿದ್ದೇನೆ. ಕುಲ, ಜಾತಿ, ಸಂಪತ್ತು, ದೇಹ ಇದ್ದುವು; ರಾತ್ರಿ ಊಟ ಬಿಟ್ಟವನೆಂಬ ತಪಸ್ಸಿನ ಮದವೂ ಸ್ವಲ್ಪ ಇತ್ತು.

ಹಸಿರು ಸೀರೆಯವಳಲ್ಲಿ? ಆಕೆ ಯಾರಿಗಿಂತಲೂ ಮೇಲೆನ್ನಲಿಲ್ಲ. ನೋಯುತ್ತಿದ್ದ ಕುತ್ತಿಗೆಯನ್ನು ಒಂದು ದಿನ ಎತ್ತಿದೆನೆಂದಳು. ಕೆಳಗೆ ತುಳಿದವನ ಕಾಲಿನಡಿಯಿಂದ ತಲೆಯನ್ನು ಎತ್ತಿ ಸಮನೆಲಕ್ಕೆ ಬರುವುದು ಮದವಲ್ಲ. ಭಾಷೆಯ ಬಡತನದಿಂದ ಎರಡನ್ನೂ ನಾವು ‘ಮಾನ’ವೆನ್ನುತ್ತೇವೆ. ಇನ್ನೊಬ್ಬನ ಮೇಲೆ ಕುಳಿತುಕೊಳ್ಳುವ ಮಾನವು ಬಿಡಬೇಕಾದ ಮಾನ. ಇನ್ನೊಬ್ಬನ ಅಡಿಯಲ್ಲಿ ಬೀಳದೆ ನಿಲ್ಲುವ ಮಾನವು ಉಳಿಸಬೇಕಾದ ಮಾನ.

ಬಾಹುಬಲಿಯ ಕಥೆಯನ್ನು ನೆನೆಯಿರಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದವನು ಆತ. ಗೆದ್ದ ರಾಜ್ಯವನ್ನು ಬಿಟ್ಟು ಕಾಡಿಗೆ ಹೋದನು. ಭರತನ ನೆಲದಲ್ಲಿ ನಿಂತಿದ್ದೇನೆಂಬ ಒಂದು ಮುಳ್ಳು ಒಳಗೆ ಉಳಿದಿತ್ತು. ಅದು ಕಳಚುವವರೆಗೆ ಕೇವಲಜ್ಞಾನವಾಗಲಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಾರೆ. ಇದು ಗೆದ್ದವನ ಮಾನದ ಕಥೆ. ಮಾರ್ದವವನ್ನು ಧರ್ಮವು ಕೇಳುವುದು ಇಂತಹವನಿಂದ. ಬಿಡಲು ಆತನಲ್ಲಿ ಏನೋ ಇತ್ತು, ಆದ್ದರಿಂದ ಅದು ತ್ಯಾಗವಾಯಿತು. ದಾರಿಯಲ್ಲಿ ದರೋಡೆಗೊಳಗಾದವನನ್ನು ಅಪರಿಗ್ರಹಿಯೆಂದು ಯಾರಾದರೂ ಕೊಂಡಾಡುವರೆ? ಅನ್ನವಿಲ್ಲದೆ ಮಲಗಿದವನದು ಉಪವಾಸವ್ರತವಾಗುವುದೆ? ಮುಂಬಯಿಯಲ್ಲಿ ನಾನು ಬಿಟ್ಟ ಊಟಕ್ಕೆ ವ್ರತವೆಂಬ ಹೆಸರಿದೆ. ಖಾನಾಪುರದ ಆ ಮಗುವಿಗೆ ಹೊರಗೆ ಹಾಕಿದ ತಟ್ಟೆಗೆ ಆ ಹೆಸರಿಲ್ಲ. ಹಾಗೆಯೇ, ಮಾನವನ್ನು ಕಸಿದುಕೊಂಡವರಿಗೆ ‘ಮಾನ ಬಿಡಿರಿ, ವಿನಯ ಕಲಿಯಿರಿ’ ಎಂದು ಉಪದೇಶಿಸುವುದು ಧರ್ಮವಲ್ಲ. ಕದ್ದವನೇ ಕಳೆದುಕೊಂಡವನಿಗೆ ಅಪರಿಗ್ರಹವನ್ನು ಬೋಧಿಸಿದಂತೆ. ಹೆದರಿಕೆಯಿಂದ ಬಾಗಿದ ತಲೆಯಲ್ಲಿ ಮಾರ್ದವವಿಲ್ಲ, ನೋವು ಮಾತ್ರ ಇದೆ.

ಕೆಲವು ಆಕ್ಷೇಪಗಳು

ಓದುಗರಲ್ಲಿ ಕೆಲವರು ಕೇಳಬಹುದು: ‘ಸಂಯಮವೇ ಸಾರವಾದ ಧರ್ಮದಲ್ಲಿ ಕಾಮವನ್ನು ಬೀದಿಗೆ ತಂದು ಸಂಭ್ರಮಿಸುವುದನ್ನು ಹೇಗೆ ಒಪ್ಪುವುದು?’ ಪ್ರಶ್ನೆ ಸಾಧುವಾದುದು. ಆ ಮೆರವಣಿಗೆಯಲ್ಲಿದ್ದ ಎಲ್ಲವೂ ನನಗೆ ರುಚಿಸಿತೆಂದು ಹೇಳಲಾರೆ. ಕೆಲವು ವೇಷಗಳೂ ಅಬ್ಬರವೂ ರುಚಿಸಲಿಲ್ಲ. ಆದರೆ ನಮ್ಮ ಮಕ್ಕಳ ಮದುವೆಗಳಲ್ಲಿ ಕುದುರೆ, ಬ್ಯಾಂಡು, ಪಟಾಕಿಗಳೊಡನೆ ಅರ್ಧ ರಾತ್ರಿಯವರೆಗೆ ರಸ್ತೆ ತಡೆಯುತ್ತೇವಲ್ಲ, ಅದು ಯಾವ ಸಂಯಮದ ಆಚರಣೆ? ಅದನ್ನು ಮಂಗಲಕಾರ್ಯವೆನ್ನುತ್ತೇವೆ. ಸಂಯಮದ ಮಾತು ಎಲ್ಲರಿಗೂ ಒಂದೇ ಆಗಿದ್ದರೆ ಅದು ಧರ್ಮ. ಒಬ್ಬರಿಗೆ ಮಾತ್ರ ಹೇಳಿದರೆ ಅದು ಕೋಲು.

ಇನ್ನೊಂದು ಆಕ್ಷೇಪ: ‘ಇದು ಅವರವರ ಕರ್ಮದ ಫಲ, ನಾವೇನು ಮಾಡಲಾಗುತ್ತದೆ?’ ಒಬ್ಬನ ದೇಹ, ಭಾವಗಳು ಅವನ ಕರ್ಮೋದಯವಿರಬಹುದು. ಅವನನ್ನು ಕಂಡು ನಾನು ಚಪ್ಪಾಳೆ ತಟ್ಟುವುದು ಅವನ ಕರ್ಮವಲ್ಲ. ಅದು ನನ್ನ ಹೊಸ ಬಂಧ. ಕುಷ್ಠರೋಗಿಯ ವಿಷಯದಲ್ಲಿ ಹೀಗೆ ಮಾತನಾಡಿದರೆ ನಮ್ಮ ಮುನಿಗಳು ಒಪ್ಪುತ್ತಿರಲಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯೆಂದರೆ ಅಸಹ್ಯಪಡದಿರುವುದು. ಅದಕ್ಕೆ ಉದ್ದಾಯನ ರಾಜನ ಕಥೆಯನ್ನು ಬಸದಿಗಳಲ್ಲಿ ಇಂದಿಗೂ ಹೇಳುತ್ತೇವೆ. ರೋಗಗ್ರಸ್ತ ಮುನಿಯ ರೂಪದಲ್ಲಿ ಬಂದ ದೇವನ ವಾಂತಿಯನ್ನು ಆ ರಾಜ ತನ್ನ ಕೈಯಿಂದ ಬಳಿದನು. ರೋಗವೂ ಅಲ್ಲದ, ಯಾರನ್ನೂ ನೋಯಿಸದ ಒಂದು ಭಿನ್ನತೆಯನ್ನು ಕಂಡು ಮುಖ ತಿರುಗಿಸುವ ನಾವು ಆ ಕಥೆಯನ್ನು ಯಾವ ಬಾಯಿಂದ ಹೇಳುವುದು?

ಇನ್ನು ಮನೆಯಿಂದ ಹೊರಹಾಕುವ ತಂದೆತಾಯಿಗಳಿಗೆ ಒಂದು ಮಾತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ, ಆಶ್ರಯದಲ್ಲಿರುವ ಜೀವಕ್ಕೆ ಅನ್ನನೀರುಗಳನ್ನು ತಡೆಯುವುದು. ಕೊಟ್ಟಿಗೆಯ ದನಕ್ಕೂ ಅನ್ವಯಿಸುವ ಈ ನಿಯಮ ಹೆತ್ತ ಮಗುವಿಗೆ ಅನ್ವಯಿಸುವುದಿಲ್ಲವೆ? ಮಗುವಿನ ಬಾಳಿನ ಬಗೆ ನಿಮಗೆ ಒಪ್ಪಿಗೆಯಾಗದಿರಬಹುದು, ಅದನ್ನು ಮಾತನಾಡಿ. ಆದರೆ ಬಾಗಿಲು ಹಾಕಬೇಡಿ. ಸಂಸ್ಥೆ, ಕಾರ್ಖಾನೆ, ಅಂಗಡಿಗಳನ್ನು ನಡೆಸುವವರಿಗೂ ಒಂದು ಮಾತು: ನಿಮ್ಮ ಸೂರಿನ ಅಡಿಯಲ್ಲಿ ಒಬ್ಬನನ್ನು ನೋಡಿ ಹತ್ತು ಜನ ನಕ್ಕರೆ, ಆ ನಗೆಯ ಮಾಲೀಕರು ನೀವೇ.

ಕೊನೆಯ ಮಾತು

ಬೆಳಗಾವಿಯ ಕೋಟೆಯೊಳಗೆ, 1204ರ ಸುಮಾರಿಗೆ ರಟ್ಟ ಅರಸರ ಮಂತ್ರಿ ಬೀಚಿರಾಜನು ಕಟ್ಟಿಸಿದ ಕಮಲ ಬಸದಿಯಿದೆ. ಅಲ್ಲಿನ ಮೂಲನಾಯಕ ನೇಮಿನಾಥ ಸ್ವಾಮಿ. ಅವರ ಕಥೆ ಎಲ್ಲರಿಗೂ ತಿಳಿದದ್ದೇ. ತನ್ನದೇ ಮದುವೆಯ ದಿಬ್ಬಣ, ವಾದ್ಯಗಳ ಘೋಷ, ಅದರ ನಡುವೆಯೂ ದಾರಿಯ ಬದಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಕೂಗು ಆತನಿಗೆ ಕೇಳಿಸಿತು, ರಥವನ್ನು ತಿರುಗಿಸಿದನು. ಮೆರವಣಿಗೆಯಲ್ಲಿದ್ದವನು ಬದಿಯಲ್ಲಿದ್ದವರ ಕೂಗನ್ನು ಕೇಳಿದ ಕಥೆ ಅದು. ನಾನು ಬದಿಯಲ್ಲಿ ನಿಂತಿದ್ದೆ, ಕೂಗು ಮೆರವಣಿಗೆಯಲ್ಲಿತ್ತು, ಅಷ್ಟೇ ವ್ಯತ್ಯಾಸ. ಹದಿಮೂರು ವರ್ಷಗಳ ಹಿಂದೆ ನನ್ನ ಯಂತ್ರಶಾಲೆಯಲ್ಲಿಯೇ ಎದ್ದಿದ್ದ ಆ ಕೂಗನ್ನು ಕೇಳಲು ನಾನು ಐನೂರು ಕಿಲೋಮೀಟರು ಹೋಗಬೇಕಾಯಿತು.

ಪ್ರತಿ ವರ್ಷ ಕ್ಷಮಾವಾಣಿಯ ದಿನ ನಾವೆಲ್ಲರೂ ಬಂಧುಗಳಿಗೆ, ವ್ಯಾಪಾರದ ಗೆಳೆಯರಿಗೆ ಕಾರ್ಡು ಬರೆದು ಕ್ಷಮೆ ಕೇಳುತ್ತೇವೆ. ಬಹುತೇಕ ಅವರು ನಮ್ಮಿಂದ ಯಾವ ಅಪರಾಧಕ್ಕೂ ಗುರಿಯಾದವರಲ್ಲ. ಯಾರಿಗೆ ಅಪರಾಧ ಮಾಡಿದ್ದೇವೋ ಅವರ ವಿಳಾಸ ನಮ್ಮಲ್ಲಿರುವುದಿಲ್ಲ. ನನ್ನ ಖಾತೆಯ 880 ರೂಪಾಯಿಯನ್ನು ಬಡ್ಡಿ ಸಹಿತ ಯಾವುದಾದರೂ ಪುಣ್ಯಕಾರ್ಯಕ್ಕೆ ಕೊಟ್ಟುಬಿಡಿರೆಂದು ಹಿತೈಷಿಗಳು ಹೇಳಿದರು. ಕೊಡಲಿಲ್ಲ. ಅದು ನನ್ನ ಹಣವಲ್ಲ, ದಾನ ಮಾಡಲು. ಅದು ಆ ವ್ಯಕ್ತಿಯದು. ಬಾಗಿಲು ತೆರೆದಿದೆ, ಹಣ ಬೇರೆಯಾಗಿ ಇಟ್ಟಿದೆ, ಮೂಲೆಯ ಲೇಥಿನ ಜಾಗವನ್ನೂ ಖಾಲಿ ಇಟ್ಟಿದ್ದೇನೆ. ಬರುವರೋ ಇಲ್ಲವೋ ಗೊತ್ತಿಲ್ಲ. ಬಂದರೆ, ತಲೆ ತಗ್ಗಿಸಿ ನಿಲ್ಲಬೇಕಾದವನು ನಾನು. ಉತ್ತಮ ಮಾರ್ದವದ ಮೊದಲ ಪಾಠವನ್ನು ನಾನು ಅಲ್ಲಿಂದಲೇ ಆರಂಭಿಸಬೇಕಾಗಿದೆ.